ಬಾಕಿ ಉಳಿದ ವ್ಯಾಗನ್

ಒಂದಾನೊಂದು ಕಾಲದಲ್ಲಿ, ಎರಡು ಕಬ್ಬಿಣದ ಗೆರೆಗಳ ಮೇಲೆ ಒಂದು ಕೆಂಪು ಪೆಟ್ಟಿಗೆ ವಾಸವಾಗಿತ್ತಂತೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಕೈಯಿಲ್ಲ. ದೊಡ್ಡದೊಂದು ಹೊಟ್ಟೆ, ಎರಡು ಪಕ್ಕಕ್ಕೆ ಎರಡು ಬಾಯಿ, ಅಷ್ಟೇ. ಒಂದು ಊರಿನಲ್ಲಿ ಅದರ ಹೊಟ್ಟೆಗೆ ಅಕ್ಕಿ ತುಂಬುತ್ತಿದ್ದರು, ಇನ್ನೊಂದು ಊರಿನಲ್ಲಿ ಖಾಲಿ ಮಾಡುತ್ತಿದ್ದರು. ಅಷ್ಟು ಅಕ್ಕಿ ಹೊತ್ತರೂ ಒಂದು ಅಗುಳನ್ನೂ ಅದು ತಿಂದದ್ದಿಲ್ಲ. ಅದಕ್ಕೆ ಇದ್ದ ಭಯ ಒಂದೇ, ಮಳೆ. ಬಾಯಿಯ ಸಂದಿಯಿಂದ ನೀರು ನುಗ್ಗಿದರೆ ಹೊಟ್ಟೆಯ ಅಕ್ಕಿಯೆಲ್ಲ ಮುಗ್ಗಿ, ಎಲ್ಲೋ ಒಂದು ಊರು ಉಪವಾಸ ಬೀಳುತ್ತಿತ್ತು. ಆಗ ಒಬ್ಬ ಮನುಷ್ಯ ಬಂದ. ಹಳೇ ಗೋಣಿಯನ್ನು ಪಟ್ಟಿಪಟ್ಟಿಯಾಗಿ ಹರಿದು ತಂದ, ಮಣ್ಣಿಗೆ ಸೆಗಣಿ ಸೇರಿಸಿ ಕಲಸಿ ತಂದ. ಪೆಟ್ಟಿಗೆಯ ಬಾಯಿಯ ಸಂದಿಗಳನ್ನೆಲ್ಲ ಮುಚ್ಚಿ, ಅಂಗೈಯಿಂದ ಎರಡು ಸಲ ತಟ್ಟಿ, "ಇನ್ನು ಹೋಗು, ನೆನೆಯುವುದಿಲ್ಲ" ಅಂದ. ಪೆಟ್ಟಿಗೆ ಹೊರಡಲಿಲ್ಲ. "ನಾನು ನೆನೆಯದ ಹಾಗೆ ನೀನು ನೋಡಿಕೊಂಡೆ. ನೀನು ನೆನೆಯದ ಹಾಗೆ ಯಾರು ನೋಡುತ್ತಾರೆ?" ಎಂದು ಕೇಳಿತು.

ಅಷ್ಟು ಹೊತ್ತಿಗೆ ನನ್ನ ಬಟ್ಟಲಿನ ಕೊನೆಯ ತುತ್ತು ಬಾಯಿಗೆ ಬಿದ್ದಿರುತ್ತಿತ್ತು. "ಊಟ ಆಯ್ತು, ಕಥೆಯೂ ಆಯ್ತು" ಎಂದು ಅಜ್ಜಿ ಕೈ ಕೊಡವಿ ಎದ್ದುಬಿಡುತ್ತಿದ್ದಳು. ಆ ಮನುಷ್ಯ ಏನು ಉತ್ತರ ಕೊಟ್ಟ ಎಂದು ದೊಡ್ಡವಳಾದ ಮೇಲೂ ನನಗೆ ಗೊತ್ತಾಗಲಿಲ್ಲ.

ಮನುಷ್ಯ ಯಾರೆಂಬುದು ಮಾತ್ರ ಗೊತ್ತಿತ್ತು. ನನ್ನ ಅಜ್ಜ, ಮೋಹನದಾಸ. ಕಾರ್ಕಳದ ಕಡೆಯಿಂದ ಕಲ್ಯಾಣದ ಹೋಟೆಲೊಂದಕ್ಕೆ ಲೋಟ ತೊಳೆಯಲು ಬಂದವನು, ದಿನಾ ಚಹಾ ಕುಡಿಯಲು ಬರುತ್ತಿದ್ದ ರೈಲ್ವೆ ಮೇಸ್ತ್ರಿಯೊಬ್ಬನ ಕೃಪೆಯಿಂದ ಸಿಕ್ ಲೈನಿಗೆ ಸೇರಿದ. ಕಾಯಿಲೆ ಬಿದ್ದ ವ್ಯಾಗನ್‌ಗಳನ್ನು ತಂದು ನಿಲ್ಲಿಸುವ ಹಳಿಗೆ ಆ ಹೆಸರು. ಪಂಜಾಬಿನ ಗೋಧಿ, ಆಂಧ್ರದ ಅಕ್ಕಿ ಹೊತ್ತು ಬರುವ ಮುಚ್ಚಿದ ವ್ಯಾಗನ್‌ಗಳ ಹಲಗೆ ರಿಪೇರಿ ಮಾಡುವುದು ಅವನ ಕೆಲಸ. ಮೇ ತಿಂಗಳು ಬಂತೆಂದರೆ ಬಾಗಿಲ ಸಂದಿಗಳನ್ನು ಮುಚ್ಚುವುದು. ಆ ವ್ಯಾಗನ್‌ಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅಜ್ಜನೂ ರಿಟೈರಾಗಿ, ನಾವೆಲ್ಲ ಡೊಂಬಿವಲಿ ಪೂರ್ವದ ಮೂರನೇ ಮಹಡಿಯ ಫ್ಲಾಟಿಗೆ ಬಂದು, ಅವನು ಬಾಲ್ಕನಿಯಲ್ಲಿ ಪೇಪರು ಓದುತ್ತ ಮುದುಕನಾದ.

ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅಮ್ಮನ ಧ್ವನಿ ಕೇಳಿತು.

"ಅತ್ತೇ, ಹಿಟ್ಟು ಎಲ್ಲಿ?"

ಅಮ್ಮ ಶರ್ಮಿಳಾ ಸುತ್ತಲಿನ ಮನೆಗಳಿಗೆ ಚಪಾತಿ ಮಾಡಿಕೊಡುತ್ತಾಳೆ. ಆಫೀಸಿಗೆ ಹೊರಡುವವರ ಡಬ್ಬಿಗೆ ಬೆಳಿಗ್ಗೆ ಎಂಟರೊಳಗೆ ಚಪಾತಿ ಮುಟ್ಟಬೇಕು. ಅವಳು ಕಲಸುವ ಅಗಲ ತಟ್ಟೆಯ, ಅಂದರೆ ಪರಾತದ, ಹಿಟ್ಟನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

"ಅಲ್ಲೇ ಇರ್ಬೇಕಲ್ಲ ಮಾರಾಯ್ತಿ" ಎಂದಳು ಅಜ್ಜಿ.

"ಅರ್ಧ ಉಂಟು. ಇನ್ನರ್ಧಕ್ಕೆ ಕಾಲು ಬಂತಾ?"

ಕಾಲು ಬಂದಿರಲಿಲ್ಲ. ಅದು ಮುಂಬಾಗಿಲಿನ ಸುತ್ತ ಮೆತ್ತಿಕೊಂಡಿತ್ತು. ಚೌಕಟ್ಟಿನ ಸಂದಿಯಲ್ಲಿ ಒತ್ತೊತ್ತಾಗಿ ತುಂಬಿದ ಬಟ್ಟೆಪಟ್ಟಿ, ಅದರ ಮೇಲೆ ನುಣ್ಣಗೆ ಸವರಿದ ಗೋಧಿಹಿಟ್ಟು. ಪಟ್ಟಿಗಳು ಗಿಳಿಹಸಿರು. ಅಜ್ಜ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕುಳಿತು ಹೆಬ್ಬೆರಳಿನಿಂದ ಮೂಲೆ ಒತ್ತುತ್ತಿದ್ದ.

"ಮಾವ! ಅದು ನನ್ನ ಸೀರೆ! ತಮ್ಮನ ಮದುವೆಯ ಸೀರೆ!"

"ಗೋಣಿ ಸಿಗ್ಲಿಲ್ಲ" ಎಂದ ಅಜ್ಜ, ತಲೆ ಎತ್ತದೆ. "ಬರ್ಸ ಬರ್ಪುಂಡು."

ಮಳೆ ಬರುತ್ತದೆ ಎಂದು ತುಳುವಿನಲ್ಲಿ ಹೇಳಿದ್ದು. ಅಜ್ಜಿಯ ತವರಿನಲ್ಲಿ ಕನ್ನಡವಾದ್ದರಿಂದ ನಮ್ಮ ಮನೆಯಲ್ಲಿ ತುಳು ಕೇಳಿಬರುತ್ತಿದ್ದುದೇ ಕಡಿಮೆ. ಹೊರಗೆ ಬಿಸಿಲು ಬೆಂಕಿಯಂತಿತ್ತು.

ಅಪ್ಪ ಹಲ್ಲುಜ್ಜುತ್ತ ಹೊರಗೆ ಬಂದ. ಅಪ್ಪ ವಸಂತಕುಮಾರ ಠಾಣೆಯ ವರ್ತಕ ನಗರದ ಹೋಟೆಲೊಂದರಲ್ಲಿ ಮ್ಯಾನೇಜರು. ದಿನವಿಡೀ ಗಿರಾಕಿಗಳ ಜೊತೆ ಮೆತ್ತಗೆ ಮಾತಾಡಿ ಮನೆಯಲ್ಲೂ ಅದೇ ಅಭ್ಯಾಸ.

"ಅಪ್ಪ, ಇದು ಮನೆ. ವ್ಯಾಗನ್ ಅಲ್ಲ."

"ಒಳಗೆ ಅಕ್ಕಿ ಉಂಟಾ ಇಲ್ವಾ?"

"ಉಂಟು..."

"ಮತ್ತೆ?"

ಅಪ್ಪ ಬಾಯಿಯ ನೊರೆ ಉಗುಳಲು ಬಚ್ಚಲಿಗೆ ಹೋದ. ಅಮ್ಮ ಮಾತ್ರ ಹರಿದ ಸೆರಗಿನ ತುಂಡನ್ನು ಹಿಡಿದುಕೊಂಡು, "ಇನ್ನು ನಾನು ಉಟ್ಟ ಸೀರೆಯನ್ನೂ ಬಿಚ್ಚಿ ಕೊಡ್ತೇನೆ, ತಡೀರಿ" ಎನ್ನುತ್ತ ಒಳಗೆ ಹೋಗಿ, ಅತ್ತು, ಉಳಿದ ಹಿಟ್ಟಿನಲ್ಲಿ ತೆಳ್ಳಗೆ ಚಪಾತಿ ಲಟ್ಟಿಸಿದಳು. ಆ ದಿನ ಎಲ್ಲರ ಡಬ್ಬಿಯಲ್ಲೂ ಹಪ್ಪಳದಂಥ ಚಪಾತಿ.

ಡಾಕ್ಟರು ಮೆದುಳು ಸೊರಗುತ್ತಿದೆ ಎಂದರು. ಮಾತ್ರೆ ಕೊಟ್ಟು, ಎದುರಾಡಬೇಡಿ, ಕೈಗೆ ಏನಾದರೂ ಕೆಲಸ ಕೊಡಿ ಎಂದರು. ಕೆಲಸವನ್ನು ಅಜ್ಜ ತಾನೇ ಹುಡುಕಿಕೊಂಡಿದ್ದ. ಕಿಟಕಿ, ಕೊಡೆ ಇಡುವ ಪೆಟ್ಟಿಗೆ, ಪಾತ್ರೆ ತೊಳೆಯುವ ಸಿಂಕಿನ ಬಾಯಿ. ಒಂದು ದಿನ ಮುಂಬಾಗಿಲಿನ ಹಿಟ್ಟು ಒಣಗಿ ಕಲ್ಲಾಗಿ, ಬಾಗಿಲು ತೆಗೆಯಲಾಗದೆ, ಹೊರಗಿನಿಂದ ವಾಚ್‌ಮನ್ ಭುಜ ಕೊಟ್ಟು ದೂಡಬೇಕಾಯಿತು. ಅಣ್ಣ ಸುಜನ್ ಆಗ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತಿದ್ದ. ಅವನ ಆಫೀಸು ಐರೋಲಿಯಲ್ಲಿ, ಅರ್ಧ ವಾರ ಮನೆಯಿಂದಲೇ ಕೆಲಸ.

"ಅಜ್ಜ, ಯಾರ್, ಮೇರಾ ಕಾಲ್ ಚಾಲೂ ಹೈ" ಎಂದು ಆಫೀಸಿನ ಮೀಟಿಂಗಿನ ನಡುವೆ ಮೈಕು ಮುಚ್ಚಿ ಹಿಂದಿಯಲ್ಲಿ ಗೋಗರೆದ. ಮತ್ತೆ ನನ್ನ ಕಡೆ ತಿರುಗಿ, "ನೋಡು, ಹಮ್ ಸಬ್ ಪಾರ್ಸೆಲ್ ಹೋ ಗಯೇ."

"ನಗು ಬರ್ತದಾ ನಿನಗೆ?" ಎಂದಳು ಅಜ್ಜಿ.

"ಅತ್ತರೆ ಬಾಗಿಲು ತೆರೀತದಾ ಅಜ್ಜೀ?"

ದಾರಿ ಹುಡುಕಿದವಳು ಅಜ್ಜಿಯೇ. ಅವಳ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು, ಕೆಂಪುಮಣ್ಣಿನ ಬಣ್ಣದ್ದು. ಒಳಗಿನ ಸೀರೆ, ಹೊದಿಕೆಗಳನ್ನೆಲ್ಲ ಮಂಚದಡಿಗೆ ತುರುಕಿ, ಅಡಿಯ ಖಾನೆಯಲ್ಲಿ ಒಂದು ಸಣ್ಣ ಅಕ್ಕಿಚೀಲ ಇಟ್ಟು, ಬಾಗಿಲು ಹಾಕಿ ಅಜ್ಜನನ್ನು ಕರೆದಳು.

"ನೋಡಿ, ಇದು ಬಂದದ್ದು. ಇದನ್ನು ಮಾಡಿ. ಬೇರೆ ಯಾವುದನ್ನೂ ಮುಟ್ಟುವುದು ಬೇಡ."

ಅಜ್ಜ ಕಪಾಟಿನ ಸುತ್ತ ಬೆರಳಾಡಿಸಿ ನೋಡಿದ. "ಅಕ್ಕಿಯಾ?"

"ಅಕ್ಕಿ."

"ಎಲ್ಲಿಗೆ ಹೋಗುವುದು?"

"ದೂರ ಉಂಟು" ಎಂದಳು ಅಜ್ಜಿ.

ಅಂದಿನಿಂದ ಮನೆಗೆ ಒಂದು ಲಯ ಬಂತು. ಬೆಳಿಗ್ಗೆ ಅಮ್ಮ ಹಿಟ್ಟು ಕಲಸುವಾಗ ಮೊದಲು ಒಂದು ಮುದ್ದೆ ತೆಗೆದು ಬಟ್ಟಲಲ್ಲಿಡುವಳು. "ಮಾವನ ಪಾಲು" ಎಂದು ಗೊಣಗುತ್ತಲೇ, ಆದರೂ ಗಟ್ಟಿಯಾಗಬಾರದೆಂದು ಅದರ ಮೇಲೆ ಒದ್ದೆ ಬಟ್ಟೆ ಹೊದಿಸುವಳು. ಅಜ್ಜಿ ತನ್ನ ಹಳೇ ವಾಯಿಲ್ ಸೀರೆಗಳನ್ನು ಪಟ್ಟಿಯಾಗಿ ಹರಿಯುವಳು. ಅಜ್ಜ ಮಧ್ಯಾಹ್ನದ ಊಟದವರೆಗೆ ಕಪಾಟಿನ ಸಂದಿ ಮುಚ್ಚುವನು. ಅವನು ಮಲಗಿದಾಗ ಅಜ್ಜಿ ಎಲ್ಲವನ್ನೂ ಕೆರೆದು ತೆಗೆದು, ಪಟ್ಟಿಗಳನ್ನು ಒಗೆದು ಬಾಲ್ಕನಿಯಲ್ಲಿ ಹರಡುವಳು. ಮರುದಿನ ಮತ್ತೆ ಅದೇ ವ್ಯಾಗನ್.

ಒಮ್ಮೆ ಪಟ್ಟಿ ಅವನ ಕೈಯಿಂದ ಜಾರಿತೆಂದು ಅಜ್ಜಿ ಪಕ್ಕದಲ್ಲಿ ಕುಳಿತು ಪಟ್ಟಿ ತುಂಬತೊಡಗಿದಳು. ನಾನು ಕಲಿಸುವ ಬಾಲವಾಡಿಯ ಮಕ್ಕಳಿಗೆ ಕಾಗದದ ಹಕ್ಕಿ ಕತ್ತರಿಸುತ್ತ ಅಲ್ಲೇ ಇದ್ದೆ.

"ಮೊದಲು ಎಲ್ಲಿ?" ಎಂದು ಅಜ್ಜ ಪರೀಕ್ಷೆ ಮಾಡುವವನಂತೆ ಕೇಳಿದ.

"ಕೆಳಗೆ."

"ಯಾಕೆ?"

"ಮೇಲಿನದ್ದು ಕೆಳಗಿನದ್ದರ ಮೇಲೆ ಕೂತರೆ ನೀರು ಜಾರಿ ಹೋಗ್ತದೆ. ಮೇಲಿನಿಂದ ಶುರು ಮಾಡಿದ್ರೆ ಒಳಗೆ ಇಳೀತದೆ."

"ಹಾಂ. ನಿಮಗೆ ಯಾರು ಕಲಿಸಿದ್ದು?"

"ನೀವೇ."

ಅಜ್ಜ ಸಂಶಯದಿಂದ ಅವಳನ್ನು ನೋಡಿದ. "ನಾನು ಹೆಂಗಸರಿಗೆಲ್ಲ ಕಲಿಸುವುದಿಲ್ಲ. ನನ್ನ ಹೆಂಡತಿಗೆ ಒಬ್ಬಳಿಗೆ ಕಲಿಸಿದ್ದೆ."

ಅಜ್ಜಿ ತಲೆತಗ್ಗಿಸಿ ಪಟ್ಟಿಯ ನೂಲು ಕಿತ್ತಳು. ಒಂದೊಂದೇ ಎಳೆ. ಆಮೇಲೆ ನನಗೆ ಹೇಳಿದಳು: ಮದುವೆಯಾದ ಹೊಸತರಲ್ಲಿ ಒಂದು ಮಳೆಗಾಲ, ಹಳಿಯ ಮೇಲೆ ನೀರು ನಿಂತು ಕೆಲಸದವರು ಯಾರೂ ಬಂದಿರಲಿಲ್ಲ. ಬುತ್ತಿ ಕೊಡಲು ಹೋದವಳನ್ನೇ ಅಜ್ಜ ನಿಲ್ಲಿಸಿಕೊಂಡನಂತೆ. ಅವಳು ಒಂದು ಪಕ್ಕ, ಅವನು ಒಂದು ಪಕ್ಕ. ಮುಗಿದ ಮೇಲೆ ಅಂಗೈಯಿಂದ ಎರಡು ಸಲ ತಟ್ಟುವುದಕ್ಕೆ ಅವಳಿಗೇ ಹೇಳಿದನಂತೆ. "ಕೈ ಉರಿದು ಹೋಗಿತ್ತು ಚಿನ್ನೂ. ಆದರೆ ಆ ವ್ಯಾಗನ್ ಹೋಗುವಾಗ ನಾನೇ ಕಳಿಸಿದ ಹಾಗೆ ಆಯ್ತು."

ದಿನಾ ಕೆಲಸ ಮುಗಿದ ಮೇಲೆ ಅಜ್ಜ ಕಪಾಟನ್ನು ಎರಡು ಸಲ ತಟ್ಟುವನು. ಮತ್ತೆ ಮುಖ ಸಣ್ಣದು ಮಾಡುವನು.

"ಇನ್ನೊಂದು ಬಾಕಿ ಉಂಟಲ್ಲ? ಕೊನೆಯ ಹಳಿಯಲ್ಲಿ ನಿಂತದ್ದು."

"ಉಂಟು. ಅದನ್ನು ನಾನು ಮಾಡ್ತೇನೆ. ನೀವು ಕೈ ತೊಳೀರಿ, ಊಟಕ್ಕೆ ಆಯ್ತು."

"ಮರೀತೀರಿ ನೀವು."

"ಮರೆಯುವುದಿಲ್ಲ."

"ಕೈ ಕೊಡಿ."

ಅಜ್ಜಿ ಕೈ ಕೊಡುವಳು. ಹಿಟ್ಟು ಮೆತ್ತಿದ ಕೈಗೆ ಹಿಟ್ಟು ಮೆತ್ತಿದ ಕೈ. ಆಮೇಲೆಯೇ ಅವನು ಊಟಕ್ಕೆ ಏಳುತ್ತಿದ್ದುದು.

ಜೂನ್ ಕೊನೆಗೆ ನಿಜವಾದ ಮಳೆ ಬಂತು. ಅಜ್ಜ ಬಾಲ್ಕನಿಯಲ್ಲಿ ನಿಂತು ಮೋಡವನ್ನು ಕಂಡು ಚಡಪಡಿಸಿದ. ಆ ಬೆಳಿಗ್ಗೆ ಅಜ್ಜಿ ಸ್ಟೇಷನ್ ಕಡೆ ತರಕಾರಿಗೆ ಹೋಗಿದ್ದಳು. ಅಮ್ಮ ಚಪಾತಿಯ ಕೆಲಸ ಮುಗಿಸಿ ಸ್ನಾನಕ್ಕೆ ಹೋದಳು. ನಮ್ಮ ಬಚ್ಚಲಲ್ಲಿ ಗ್ಯಾಸ್ ಗೀಸರು. ಗಾಳಿ ಆಡುವುದಕ್ಕೆ ಇದ್ದುದು ಗೋಡೆಯ ಮೇಲ್ಗಡೆ ಗಾಜಿನ ಪಟ್ಟಿಗಳ ಒಂದು ಕಿಂಡಿ, ಅದು ಬಟ್ಟೆ ಒಗೆಯುವ ಬಾಲ್ಕನಿಗೆ ತೆರೆದುಕೊಳ್ಳುತ್ತಿತ್ತು. ಅಜ್ಜ ಅಲ್ಲಿಗೆ ಸ್ಟೂಲು ಎಳೆದುಕೊಂಡದ್ದು ಯಾರಿಗೂ ಕೇಳಲಿಲ್ಲ. ಹೊರಗೆ ಮಳೆಯ ಸದ್ದು ಅಷ್ಟಿತ್ತು.

ಕೇಳಿದ್ದು ಬಕೆಟ್ಟು ಉರುಳಿದ ಶಬ್ದ.

"ಅಮ್ಮಾ?" ಎಂದೆ. ಉತ್ತರವಿಲ್ಲ. "ಅಮ್ಮಾ!"

ಸುಜನ್ ಹೆಡ್‌ಫೋನ್ ಕಿತ್ತೆಸೆದು ಓಡಿಬಂದ. ಭುಜದಿಂದ ಮೂರ್ನಾಲ್ಕು ಸಲ ಗುದ್ದಿದ ಮೇಲೆ ಚಿಲಕ ಮುರಿಯಿತು. ಅಮ್ಮ ಒದ್ದೆ ನೆಲದ ಮೇಲೆ ಗೋಡೆಗೆ ಒರಗಿ ಬಿದ್ದಿದ್ದಳು, ತುಟಿ ಬಿಳಿಚಿತ್ತು. ನಾನು ಗೀಸರು ಆರಿಸಿ ಟವೆಲು ಸುತ್ತಿದೆ, ಅಣ್ಣ ಅವಳನ್ನು ಎತ್ತಿಕೊಂಡು ಹೊರಗೆ ತಂದ. ಮೇಲೆ ನೋಡಿದರೆ ಕಿಂಡಿಯ ಒಂದೊಂದು ಗಾಜಿನ ನಡುವೆಯೂ ಬಟ್ಟೆಪಟ್ಟಿ, ಅದರ ಮೇಲೆ ಹಿಟ್ಟು. ಕೆಳಗಿನಿಂದ ಮೇಲಕ್ಕೆ, ಒಂದು ಎಳೆ ಬೆಳಕೂ ಬಾರದಂತೆ.

ಅಜ್ಜ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಉಳಿದ ಹಿಟ್ಟು.

"ಒಳಗೆ ನೀರು ಹೋಗ್ಲಿಲ್ಲ ಅಲ್ವಾ?" ಎಂದು ಕೇಳಿದ.

ಗೀಸರಿನ ವಿಷಗಾಳಿ ಕುಡಿದಿದ್ದ ಅಮ್ಮನಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಸಂಜೆಗೆ ಮನೆಗೆ ಕಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಆರಂಭಿಸಿದ ಮಾತನ್ನು ಅಪ್ಪ ಮುಗಿಸಲು ಬಿಡಲಿಲ್ಲ.

ಮನೆಗೆ ಬಂದು ಯಾರೂ ದೀಪ ಹಾಕಲಿಲ್ಲ. ಅಪ್ಪ ಹಾಲಿನ ಕುರ್ಚಿಯಲ್ಲಿ ಕುಳಿತು, ಗಿರಾಕಿಗೆ ಬಿಲ್ಲು ಹೇಳುವಷ್ಟೇ ಮೆತ್ತಗೆ ಹೇಳಿದ:

"ಟಿಟ್ವಾಳಾದಲ್ಲಿ ಮರೆವಿನವರಿಗೆ ಅಂತಲೇ ಒಂದು ಜಾಗ ಉಂಟು. ನಮ್ಮ ಹೋಟೆಲಿನ ಮಾಲೀಕರ ಮಾವನನ್ನು ಇಟ್ಟಿದ್ರು. ಒಳ್ಳೆ ನೋಡಿಕೊಳ್ತಾರೆ."

ಅಜ್ಜಿ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ನಾನೂ ಹೋಗ್ತೇನೆ."

"ಅಲ್ಲಿ ಗಂಡಸರಿಗೆ ಮಾತ್ರ ಅಮ್ಮ."

"ಹಾಗಾದ್ರೆ ಇವರೂ ಹೋಗುವುದಿಲ್ಲ."

ಒಳಗಿನಿಂದ ಅಮ್ಮ ದುರ್ಬಲ ಧ್ವನಿಯಲ್ಲಿ, "ನನಗೆ ಏನಾಯ್ತು ಈಗ? ಗೀಸರ್ ತೆಗೆಸಿ ಬಿಡಿ, ಸಾಕು" ಎಂದಳು.

"ಇವತ್ತು ಗೀಸರ್. ನಾಳೆ ಇನ್ನೊಂದು. ನೀನು ಸತ್ತೇ ಹೋಗಿದ್ರೆ?"

"ಸಾಯ್ಲಿಲ್ಲಲ್ಲ."

"ವಸಂತ" ಎಂದಳು ಅಜ್ಜಿ, "ಊರೂರಿನವರ ಅಕ್ಕಿ ನೆನೆಯದ ಹಾಗೆ ನೋಡಿದವರು. ಅವರನ್ನು ಮಳೆಗಾಲದಲ್ಲಿ ಮನೆಯಿಂದ ಹೊರಗೆ ಹಾಕ್ತೀಯಾ?"

ಅಪ್ಪನ ಧ್ವನಿ ಮೊದಲ ಸಲ ಏರಿತು. "ಹಾಗಾದ್ರೆ ನೀನೇ ಹೇಳು. ಯಾರನ್ನು ಉಳಿಸ್ಲಿ? ಒಂದು ಹೆಸರು ಹೇಳು ಅಮ್ಮ. ನೀನು ಹೇಳಿದ ಹಾಗೆ ಮಾಡ್ತೇನೆ."

ಅಜ್ಜಿ ಬಾಯಿ ತೆರೆದಳು. ಒಳಕೋಣೆಯ ಕಡೆ ನೋಡಿದಳು, ಅಲ್ಲಿ ಅಮ್ಮ ಮಲಗಿದ್ದಳು. ತನ್ನ ಕೋಣೆಯ ಕಡೆ ನೋಡಿದಳು, ಅಲ್ಲಿ ಅಜ್ಜ ಕಪಾಟಿನ ಮುಂದೆ ಕುಳಿತು ಯಾರಾದರೂ ಹಿಟ್ಟು ತಂದಾರೆಂದು ಕಾಯುತ್ತಿದ್ದ. ಬಾಯಿ ಮುಚ್ಚಿದಳು. ಮೊರವನ್ನು ಮತ್ತೆ ತೊಡೆಯ ಮೇಲೆತ್ತಿಕೊಂಡು, ಕತ್ತಲಲ್ಲೇ ಅಕ್ಕಿಯಲ್ಲಿ ಕಲ್ಲು ಹುಡುಕಿದಳು.

ಅಜ್ಜನ ಚೀಲವನ್ನು ಅವಳೇ ತುಂಬಿದಳು. ಪಂಚೆ, ಬನಿಯನ್, ಸ್ವೆಟರು, ಅಡಿಯಲ್ಲಿ ಒಗೆದು ಸುತ್ತಿದ ಪಟ್ಟಿಗಳ ಒಂದು ಉಂಡೆ. ಟಿಟ್ವಾಳಾದಲ್ಲಿ ನರ್ಸಮ್ಮ ಆ ಉಂಡೆಯನ್ನು ವಿನಯದಿಂದಲೇ ವಾಪಸು ಕೊಟ್ಟಳು. ಇಂಥವರ ಕೈಗೆ ಬಟ್ಟೆಪಟ್ಟಿ ಕೊಡುವಂತಿಲ್ಲ, ಯಾರಾದರೂ ಬಾಯಿಗೆ ಹಾಕಿಕೊಂಡರೆ ಕಷ್ಟ. ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದಳು.

ಮರುವಾರ ಅಜ್ಜಿ, ನಾನು ಕಸಾರಾ ಲೋಕಲ್ ಹಿಡಿದು ನೋಡಲು ಹೋದೆವು. ಜಾಗ ಚೊಕ್ಕಟವಾಗಿತ್ತು. ಹೊಸ ಕಟ್ಟಡ, ಅಲ್ಯೂಮಿನಿಯಂ ಕಿಟಕಿಗಳು, ರಬ್ಬರು ಒತ್ತಿ ಮುಚ್ಚುವಂಥವು. ಅಜ್ಜ ಮಂಚದ ತುದಿಯಲ್ಲಿ ಕುಳಿತು ಹಾಸಿಗೆಯ ಬಟ್ಟೆಯ ಅಂಚನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು ಮಾಡುತ್ತಿದ್ದ. ಅಜ್ಜಿ ತಂದ ಪತ್ರೊಡೆಯ ಒಂದು ತುಂಡು ತಿಂದ.

"ಹೇಗುಂಟು ಇಲ್ಲಿ?" ಎಂದು ಕೇಳಿದೆ.

"ಕೆಲಸ ಇಲ್ಲ" ಎಂದ. "ಎಲ್ಲ ಹೊಸ ವ್ಯಾಗನ್. ಸಂದಿಯೇ ಇಲ್ಲ." ಮತ್ತೆ ಅಜ್ಜಿಯ ಕಡೆ ತಿರುಗಿ, "ನಿಮಗೆ ಯಾರು ಬೇಕಿತ್ತು?"

"ಮೋಹನದಾಸರು."

"ಅವರು ಯಾರ್ಡಲ್ಲಿ. ಸಂಜೆ ಬರ್ತಾರೆ."

"ಕಾಯ್ತೇನೆ" ಎಂದಳು ಅಜ್ಜಿ.

ಭೇಟಿಯ ಹೊತ್ತು ಮುಗಿದು ನಾವು ಎದ್ದಾಗ ಅಜ್ಜ ಇದ್ದಕ್ಕಿದ್ದಂತೆ ಅವಳ ಸೆರಗು ಹಿಡಿದ.

"ಆ ಒಂದು?"

"ಬಾಕಿ ಉಂಟು. ನಾನು ಮಾಡ್ತೇನೆ."

ಅವನು ಕೈ ಚಾಚಿದ. ಅಜ್ಜಿ ತನ್ನ ಕೈ ಅದರಲ್ಲಿಟ್ಟಳು. ಈ ಸಲ ಎರಡೂ ಕೈಗಳು ಸ್ವಚ್ಛವಾಗಿದ್ದವು.

ವಾಪಸು ರೈಲಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ಶಹಾಡ್ ದಾಟಿದ ಮೇಲೆ, "ಉಗುರು ಕತ್ತರಿಸಿದ್ದಾರೆ ನೋಡು. ಒಳ್ಳೆ ನೋಡಿಕೊಳ್ತಾರೆ" ಎಂದಳು. ಕಲ್ಯಾಣದಲ್ಲಿ ಪಕ್ಕದ ಹಳಿಯಲ್ಲಿ ಒಂದು ಗೂಡ್ಸ್ ಗಾಡಿ ನಿಂತಿತ್ತು, ಉದ್ದಕ್ಕೆ, ಕಣ್ಣು ಮುಟ್ಟುವಷ್ಟು ದೂರ. ಅಜ್ಜಿ ಅದರ ಕಡೆ ಬೆನ್ನು ಮಾಡಿ ಕುಳಿತಳು.

ಮನೆಯಲ್ಲಿ ಯಾರೂ ಜಗಳವಾಡಲಿಲ್ಲ. ಜಗಳವಾಡುವುದಕ್ಕೆ ವಿಷಯವೇ ಇರಲಿಲ್ಲ. ಅಮ್ಮ ಬೆಳಿಗ್ಗೆ ಹಿಟ್ಟು ಕಲಸಿ, ಕೈ ತಾನಾಗಿ ಒಂದು ಮುದ್ದೆ ತೆಗೆದು ಬಟ್ಟಲಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿದ ಮೇಲೆ ನೆನಪಾಗಿ ನಿಂತುಬಿಡುವಳು. ಮತ್ತೆ ಪರಾತಕ್ಕೆ ಸೇರಿಸಲು ಮನಸ್ಸಿಲ್ಲ, ಎಸೆಯಲು ಮನಸ್ಸಿಲ್ಲ. ಸಂಜೆ ಅದನ್ನೇ ಲಟ್ಟಿಸಿ ಅಜ್ಜಿಗೆ ಕೊಡುವಳು. ಅಜ್ಜಿ ಅರ್ಧ ತಿಂದು, "ಹಲ್ಲಿಗೆ ಆಗುವುದಿಲ್ಲ" ಎಂದು ತಟ್ಟೆ ಸರಿಸುವಳು.

"ಬೇಕಂತಲೇ ಉಪವಾಸ ಕೂತಿದ್ದೀರಿ ಅತ್ತೆ. ನನ್ನ ಮೇಲಿನ ಸಿಟ್ಟಲ್ಲಿ."

"ನಿನ್ನ ಮೇಲೆ ಎಂತ ಸಿಟ್ಟು? ನೀನು ಉಸಿರಾಡಿದ್ದು ತಪ್ಪಾ?"

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಒಲೆಯ ಕಡೆ ತಿರುಗಿದಳು.

ಜುಲೈಯ ಒಂದು ಶುಕ್ರವಾರ ಮಳೆ ಹುಚ್ಚು ಹಿಡಿದಂತೆ ಸುರಿದು ಲೋಕಲ್‌ಗಳು ನಿಂತವು. ಅಪ್ಪ ಕೆಲಸಕ್ಕೆ ಹೊರಟು ಮುಂದಿನ ಸ್ಟೇಷನ್ನಿನವರೆಗೆ ಹೋಗಿ, ಹಳಿಯ ಮೇಲೆ ನಡೆದುಕೊಂಡು ಮನೆಗೆ ಮರಳಿದ. ಮಧ್ಯಾಹ್ನ ಗಾಳಿ ತಿರುಗಿ, ಬಾಲ್ಕನಿಯ ಬಾಗಿಲಿನ ಅಡಿಯಿಂದ ನೀರು ಒಳಗೆ ಬಂತು. ಅಡುಗೆಮನೆಯ ಮೂಲೆಯಲ್ಲಿದ್ದ ಅಕ್ಕಿಚೀಲದ ತಳ ನೆನೆಯಿತು. ಸುಜನ್ ಚೀಲವನ್ನು ಮೇಲೆತ್ತಿಟ್ಟ. ಅಪ್ಪ ನೆಲದ ಮೇಲೆ ಮೊಣಕಾಲೂರಿ ಟವೆಲು ತುರುಕಿದ. ನೀರು ನಿಲ್ಲಲಿಲ್ಲ. ತಲೆ ಎತ್ತದೆಯೇ ಕೇಳಿದ:

"ಶರ್ಮಿಳಾ, ಸ್ವಲ್ಪ ಹಿಟ್ಟು ಉಂಟಾ?"

ಅಮ್ಮ ಬಟ್ಟಲಿನ ಮುದ್ದೆ ತಂದುಕೊಟ್ಟಳು. ಅಜ್ಜಿ ಕೋಣೆಗೆ ಹೋಗಿ ಪಟ್ಟಿಗಳ ಉಂಡೆ ತಂದಳು. ಅಪ್ಪ ಚೌಕಟ್ಟಿನ ನಡುವಿನಿಂದ ತುಂಬತೊಡಗಿದ.

"ಕೆಳಗಿನಿಂದ" ಎಂದಳು ಅಜ್ಜಿ.

ಅವನು ಕೆಳಗಿನಿಂದ ಶುರು ಮಾಡಿದ. ಮುಗಿಸಿ, ಹಿಟ್ಟಿನ ಕೈಗಳನ್ನು ಎರಡು ಕಡೆ ಚಾಚಿಕೊಂಡು ಗೋಡೆಗೊರಗಿ ಕುಳಿತ. ಕೂದಲಿನಿಂದ ನೀರಿಳಿಯುತ್ತಿತ್ತು.

"ಗೀಸರ್ ತೆಗೆಸಿ ಕರೆಂಟಿನದ್ದು ಹಾಕಿಸುವ" ಎಂದ. "ಹಗಲು ನೋಡಿಕೊಳ್ಳಲಿಕ್ಕೆ ಒಬ್ಬರನ್ನು ಇಡುವ. ಭಾನುವಾರ ಹೋಗಿ ಅಪ್ಪನನ್ನು ಕರ್ಕೊಂಡು ಬರುವ."

ಆ ರಾತ್ರಿ ಅಜ್ಜಿ ಸಾರಿಗೆ ಎರಡನೇ ಸಲ ಅನ್ನ ಕೇಳಿದಳು. ಅಮ್ಮ ಬಡಿಸಿದ್ದೇ ಬಡಿಸಿದ್ದು.

ಶನಿವಾರ ಗೀಸರು ಇಳಿಯಿತು. ಸುಜನ್ ಕಿರಾಣಿ ಅಂಗಡಿಯಿಂದ ಎರಡು ಖಾಲಿ ಗೋಣಿ ತಂದು, ಹೊಸ್ತಿಲಲ್ಲಿ ಕೊಡವಿ ಮನೆತುಂಬ ಧೂಳು ಮಾಡಿದ. "ಅಸಲಿ ಮಾಲ್! ಅಜ್ಜ ಖುಷ್ ಹೋ ಜಾಯೇಗಾ. ಮಮ್ಮಿಯ ಸೀರೆಯೂ ಬಚಾವ್." ಅಮ್ಮ ಅವನ ಬೆನ್ನಿಗೊಂದು ಗುದ್ದಿದಳು. ಸಂಜೆಯವರೆಗೆ ಅಣ್ಣ, ನಾನು ಕುಳಿತು ಗೋಣಿಯನ್ನು ಪಟ್ಟಿಗಳಾಗಿ ಕತ್ತರಿಸಿದೆವು. ಅಜ್ಜಿ ಕಪಾಟಿನ ಧೂಳು ಒರೆಸಿ, ಒಳಗೆ ಹೊಸ ಅಕ್ಕಿ ಇಟ್ಟಳು.

ಭಾನುವಾರ ಬೆಳಿಗ್ಗೆ, ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಟಿಟ್ವಾಳಾದಿಂದ ಫೋನು ಬಂತು. ಎರಡು ದಿನದಿಂದ ಸಣ್ಣ ಜ್ವರವಿತ್ತು, ಮಳೆಗೆ ಫೋನು ಹತ್ತಲಿಲ್ಲ, ಬೆಳಗಿನ ಚಹಾ ಕೊಡಲು ಹೋದಾಗ ಎಚ್ಚರವಿರಲಿಲ್ಲ. ಅಪ್ಪ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಕೇಳಿದ. "ಹಾಂ. ಹಾಂ. ಬರ್ತಾ ಇದ್ದೇವೆ" ಎಂದ.

ಅಜ್ಜಿ ಅವನ ಮುಖ ನೋಡಿದಳು.

ಅಜ್ಜನನ್ನು ತಂದದ್ದು ಒಂದು ಹಳೇ ಶವವಾಹನದಲ್ಲಿ. ಉದ್ದ ಕಬ್ಬಿಣದ ಹೊಟ್ಟೆ, ಹಿಂದೆ ಎರಡು ಕದಗಳ ಬಾಗಿಲು. ನಮ್ಮ ಲಿಫ್ಟು ಸಣ್ಣದಾದ್ದರಿಂದ ಮೇಲೆ ಒಯ್ಯಲಾಗಲಿಲ್ಲ. ಕೆಳಗೆ ಕಾರು ನಿಲ್ಲಿಸುವ ಕಡೆ ಬೆಂಚಿನ ಮೇಲೆ ಮಲಗಿಸಿದರು. ತುಳಸಿ, ಗಂಗಾಜಲ. ನಾವೆಲ್ಲ ಒಬ್ಬೊಬ್ಬರಾಗಿ ಅವನ ಬಾಯಿಗೆ ಅಕ್ಕಿಕಾಳು ಹಾಕಿದೆವು. ಕೊನೆಗೆ ಅಜ್ಜಿ. ಅವಳು ಹಾಕಿದ್ದು ಕಪಾಟಿನ ಅಕ್ಕಿ.

ಅವನನ್ನು ಮತ್ತೆ ಗಾಡಿಗೆ ಏರಿಸಿದರು. ಅಪ್ಪ, ಅಣ್ಣ ಒಳಗೆ ಅವನ ಪಕ್ಕ ಕುಳಿತರು. ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಗೇಟಿನವರೆಗೆ ಮಾತ್ರ. ಡ್ರೈವರ್ ಮನೀಶ ಹಿಂದಿನ ಕದಗಳನ್ನು ದೂಡಿದ. ಅವು ಪೂರ್ತಿ ಕೂರಲಿಲ್ಲ. ನಡುವೆಯೂ ಅಡಿಯಲ್ಲೂ ಬೆರಳು ತೂರುವಷ್ಟು ಸಂದಿ. ಮಳೆ ಓರೆಯಾಗಿ ಹೊಡೆಯುತ್ತಿತ್ತು. ಸಂದಿಯಿಂದ ನೀರು ಒಳಗೆ ಸಿಡಿದು ಅಜ್ಜನ ಪಾದದ ಮೇಲಿನ ಬಿಳಿ ಬಟ್ಟೆ ನೆನೆಯಿತು.

"ನಿಲ್ಲಿ" ಎಂದಳು ಅಜ್ಜಿ.

"ಪಾಸ್ ಮೇ ಹೀ ಹೈ, ಆಜೀ" ಎಂದ ಮನೀಶ, ಸ್ಮಶಾನ ಹತ್ತಿರವೇ ಎಂದು ಕೈ ತೋರಿಸಿ. "ಪೋಹೋಚ್ ಜಾಯೇಂಗೇ."

"ಶರ್ಮಿಳಾ, ಹಿಟ್ಟು ಉಂಟಾ?"

ಅಮ್ಮ ತಕ್ಷಣ ಮೆಟ್ಟಿಲ ಕಡೆ ತಿರುಗಿದಳು. ಮೂರು ಮಹಡಿ ಓಡಿ ಹತ್ತಿ, ಒದ್ದೆ ಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ಓಡಿ ಇಳಿದಳು. ಭಾನುವಾರದ ಮುದ್ದೆ. ಅಜ್ಜ ಬರುವವನಿದ್ದನಲ್ಲ, ಸ್ವಲ್ಪ ದೊಡ್ಡದಾಗಿಯೇ ತೆಗೆದಿಟ್ಟಿದ್ದಳು. ಕಂಕುಳಲ್ಲಿ ಗೋಣಿಪಟ್ಟಿಗಳ ಕಟ್ಟು.

ಪಕ್ಕದ ಮನೆಯ ರುಕ್ಮಿಣಿಯಮ್ಮ ಅಜ್ಜಿಗೆ, "ಎಂತ ಸುಂದರಿಯಮ್ಮ ಇದು, ಹೊತ್ತು ಮೀರ್ತದೆ" ಎಂದರು. ಒಳಗಿನಿಂದ ಅಪ್ಪನ ಧ್ವನಿ ಬಂತು: "ಮಾಡ್ಲಿ. ಯಾರೂ ತಡೀಬೇಡಿ."

ಅಜ್ಜಿ ಮಳೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ನಾನು ಕೊಡೆ ಹಿಡಿಯಲು ಹೋದರೆ, "ನನಗಲ್ಲ, ಬಾಗಿಲಿಗೆ ಹಿಡಿ" ಎಂದಳು. ಮೊದಲು ಅಡಿಯ ಸಂದಿ. ಗೋಣಿಪಟ್ಟಿಯನ್ನು ಎರಡು ಮಡಿಕೆ ಮಾಡಿ, ಹೆಬ್ಬೆರಳಿನಿಂದ ಒತ್ತೊತ್ತಿ ತುಂಬಿದಳು. ಆಮೇಲೆ ನಡುವಿನದು, ಕೆಳಗಿನಿಂದ ಮೇಲಕ್ಕೆ, ಒಂದರ ತುದಿಯ ಮೇಲೆ ಇನ್ನೊಂದರ ತುದಿ. ಅವಳಿಗೆ ಎಟುಕದ ಕಡೆ ಅಮ್ಮ ತುಂಬಿದಳು, ಅಜ್ಜಿ ಹೇಳಿದಂತೆ. ಮೇಲೆ ಹಿಟ್ಟು ಸವರಿದರು. ಮಳೆ ಹಿಟ್ಟಿನ ಮೇಲೆ ಬಿದ್ದು ಜಾರಿತು.

"ಸುಜನ್" ಎಂದು ಅಜ್ಜಿ ಕದಕ್ಕೆ ಬಾಯಿ ಹಚ್ಚಿ ಕೂಗಿದಳು. "ಬೆಳಕು ಕಾಣ್ತದಾ?"

ಒಳಗೆ ಅಣ್ಣ ಕದದ ಬಳಿಗೆ ಸರಿದ ಸದ್ದಾಯಿತು.

"ಇಲ್ಲ ಅಜ್ಜೀ" ಎಂದ ಅಣ್ಣ.

"ನೀರು?"

"ಬರ್ತಾ ಇಲ್ಲ."

ಅಜ್ಜಿ ನನ್ನ ಭುಜ ಹಿಡಿದು ಎದ್ದಳು. ತಲೆಯಿಂದ ಕಾಲಿನವರೆಗೆ ಒದ್ದೆಯಾಗಿದ್ದಳು. ಕೈಯ ಹಿಟ್ಟನ್ನು ಒರೆಸಿಕೊಳ್ಳಲಿಲ್ಲ. ಬಾಗಿಲಿನ ಸುತ್ತ ಒಮ್ಮೆ ಬೆರಳಾಡಿಸಿ ನೋಡಿದಳು, ಮೂಲೆ ಮೂಲೆಯನ್ನೂ. ಮತ್ತೆ ಅಂಗೈ ಎತ್ತಿ ಕಬ್ಬಿಣದ ಮೇಲೆ ಎರಡು ಸಲ ತಟ್ಟಿದಳು.

ಗಾಡಿ ಹೊರಟಿತು.